ನಿಜಗುಣಪ್ಪನವರ ಮೋಟಾರಿನ ಹಪ್ತೆ

ಬೈಲಹೊಂಗಲದ ಹತ್ತಿ ವ್ಯಾಪಾರಿ ನಿಜಗುಣಪ್ಪನವರು ಲೋಕದಲ್ಲಿ ಇಬ್ಬರಿಗೆ ಮಾತ್ರ ಹೆದರುತ್ತಿದ್ದರು. ಒಬ್ಬರು ಅವರ ತಾಯಿ ಕೆಂಚವ್ವ. ಇನ್ನೊಬ್ಬರು ಬೆಳಗಾವಿಯ ವಿಮಾ ಏಜೆಂಟರಾದ ಸತ್ಯಪ್ಪನವರು. ತಾಯಿ ದಿನವೂ ಮನೆಯಲ್ಲೇ ಇರುತ್ತಿದ್ದುದರಿಂದ ಆ ಹೆದರಿಕೆ ಮೈಗೆ ಒಗ್ಗಿತ್ತು. ಸತ್ಯಪ್ಪನವರು ವರ್ಷಕ್ಕೊಮ್ಮೆ ಬರುತ್ತಿದ್ದುದರಿಂದ ಆ ಹೆದರಿಕೆ ಪ್ರತಿ ಸಲವೂ ಹೊಚ್ಚ ಹೊಸದಾಗಿರುತ್ತಿತ್ತು.

ಎರಡಕ್ಕೂ ಮೂಲ ಒಂದೇ: ಮೋಟಾರು. ಬೆಳಗಾವಿಯ ದೊರೆಯೊಬ್ಬ ವಿಲಾಯತಿಗೆ ಮರಳುವಾಗ ಮಾರಿ ಹೋದ ಹಳೆಯ ಮೋಟಾರನ್ನು ನಿಜಗುಣಪ್ಪನವರು ಕೊಂಡು ತಂದಿದ್ದರು. ಆಗಿನ ಕಾಲಕ್ಕೆ ಊರಲ್ಲಿ ಇದ್ದದ್ದು ಅದೊಂದೇ. ಅದಕ್ಕೆ ವಿಮೆ ಇಳಿಸಬೇಕು, ವರ್ಷಕ್ಕೊಮ್ಮೆ ಹಪ್ತೆ ಕಟ್ಟಬೇಕು, ಆಗ ಏನಾದರೂ ಅನಾಹುತವಾದರೆ ಮುಂಬಯಿಯ ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಸತ್ಯಪ್ಪನವರು ತಿಳಿಸಿ ಹೇಳಿದಾಗ, ನಿಜಗುಣಪ್ಪನವರು ಅನಾಹುತಗಳ ಚಿಂತೆಯನ್ನೇ ಬಿಟ್ಟರು. ಅಲ್ಲಿಂದಲೇ ಅನಾಹುತಗಳು ಸುರುವಾದವು.

ಮೊದಲ ವರ್ಷ ಮೋಟಾರು ನೆರೆಮನೆಯ ಬಸವಣ್ಣೆಪ್ಪನವರ ದನದ ಕೊಟ್ಟಿಗೆಯ ಗೋಡೆಯನ್ನು ಒಡೆದುಕೊಂಡು ಒಳಗೆ ಹೋಯಿತು. ಎಮ್ಮೆ ಎದ್ದು ಜಾಗ ಕೊಟ್ಟಿತು. ಕಂಪನಿಯೇನೋ ಗೋಡೆ ಕಟ್ಟಿಸಿಕೊಟ್ಟಿತು. ಆದರೆ ಮರುವರ್ಷ ಹಪ್ತೆ ಏರಿತು. ಎರಡನೆಯ ವರ್ಷ ಧಾರವಾಡದ ಪೇಟೆಯಲ್ಲಿ ಪೊಲೀಸನೊಬ್ಬ ರಸ್ತೆಯ ನಡುವೆ ಕೈ ಎತ್ತಿದ. ಪರ ಊರಿನ ಪೊಲೀಸನೂ ತನ್ನ ಗುರುತು ಹಿಡಿದನಲ್ಲ ಎಂದು ಹಿಗ್ಗಿದ ನಿಜಗುಣಪ್ಪನವರು ತಾವೂ ಕೈ ಎತ್ತಿ ನಮಸ್ಕರಿಸಿ ಮುಂದೆ ಹೋದರು. ದಂಡ ಬಿತ್ತು. ಹಪ್ತೆ ಮತ್ತೆ ಏರಿತು.

"ದಂಡ ಕಟ್ಟಿ ಮುಗಿಸೇನಲ್ರಿ? ಮತ್ತ ಹಪ್ತೆ ಯಾಕ ಏರಬೇಕು?" ಎಂದು ನಿಜಗುಣಪ್ಪನವರು ವಾದಿಸಿದ್ದರು.

"ದಂಡ ಸರಕಾರದ್ದು, ಹಪ್ತೆ ಕಂಪನೀದು," ಎಂದಿದ್ದರು ಸತ್ಯಪ್ಪನವರು. ಅವರು ಎಂದೂ ದನಿ ಏರಿಸುವವರಲ್ಲ, ಹಪ್ತೆಯನ್ನಷ್ಟೇ ಏರಿಸುವವರು. "ಹೋದ ವರ್ಷ ಹಾಯ್ದಾಂವ ಈ ವರ್ಷಾನೂ ಹಾಯತಾನ. ಇವತ್ತ ಪೊಲೀಸನ ಮಾತ ಕೇಳದಾಂವ ನಾಳೆ ಯಾರನ್ನರ ಕೆಡವತಾನ. ಇದು ಕಂಪನಿ ಲೆಕ್ಕ. ಜ್ವಾಕೀಲೆ ನಡಿಸಿದವರಿಗೆ ಇಳಿಸೂದೂ ಐತ್ರಿ. ಅಂಥಾದ್ದು ನಿಮ್ಮ ಹಣೀಮ್ಯಾಲ ಇದ್ದಂಗ ಕಾಣೂದಿಲ್ಲ."

ಬಾಗಿಲ ಹಿಂದೆ ನಿಂತು ಕೇಳಿದ ಕೆಂಚವ್ವ ಅಂದೇ ತೀರ್ಪು ಕೊಟ್ಟಿದ್ದರು.

"ಎತ್ತು ದುಡದ ಮ್ಯಾಲ ಹುಲ್ಲ ಬೇಡತೈತಿ. ಇದು ನಿಂತಲ್ಲೇ ತಿಂತೈತಿ. ಇನ್ನೊಮ್ಮೆ ಹಪ್ತೆ ಏರಿತಂದ್ರ ಮೋಟಾರ ಈ ಅಂಗಳದಾಗ ಇರಬಾರದು, ನಿಜಗುಣಿ. ತಿಳೀತಿಲ್ಲೋ?"

ತಿಳಿದಿತ್ತು. ಕೆಂಚವ್ವ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ಪಡೆದದ್ದನ್ನು ಆ ಮನೆಯ ಗೋಡೆಗಳೂ ಕಂಡಿರಲಿಲ್ಲ. ಆಕೆ ಆ ಮೋಟಾರಿನಲ್ಲಿ ಒಂದು ಸಲವೂ ಕೂತವರಲ್ಲ. ಮೂಗುದಾರ ಇಲ್ಲದ್ದರ ಬೆನ್ನು ಹತ್ತಬಾರದು ಎಂಬುದು ಅವರ ಮತ.

ಅಂದಿನಿಂದ ನಿಜಗುಣಪ್ಪನವರು ಮೋಟಾರನ್ನು ತೊಟ್ಟಿಲಂತೆ ನಡೆಸಿದರು. ನಾಯಿಗಳು ಅದರ ಮುಂದೆ ನಡೆದು ಹೋಗುತ್ತಿದ್ದವು. ವರ್ಷ ಸುಸೂತ್ರವಾಗಿ ಕಳೆಯಿತು. ಸತ್ಯಪ್ಪನವರು ಬರಲು ಇನ್ನೊಂದೇ ದಿನ ಉಳಿದಿತ್ತು.

ಆ ದಿನ ನಿಜಗುಣಪ್ಪನವರು ಸವದತ್ತಿಯಿಂದ ಒಬ್ಬರೇ ಮರಳುತ್ತಿದ್ದರು. ಹಳ್ಳ ದಾಟಿ ಇಳಿಜಾರು ಏರುತ್ತಿದ್ದಾಗ ಮೋಟಾರಿನ ನೀರು ಕುದಿದು ಬುಸ್ಸೆಂದು ಹೊಗೆ ಎದ್ದಿತು. ಅವರು ದಾರಿಯ ಅಂಚಿಗೆ ಮೋಟಾರು ನಿಲ್ಲಿಸಿದರು. ಜಾರೀತೆಂದು ಗಾಲಿಗೆ ಕಲ್ಲು ಕೊಟ್ಟರು. ಕೊಡ ಹಿಡಿದು ಹಳ್ಳಕ್ಕೆ ಇಳಿದರು. ನೀರು ತುಂಬಿಸುತ್ತಿದ್ದಾಗ ಮೇಲೆ 'ಢಣ್' ಎಂಬ ಸದ್ದು, ಅದರ ಬೆನ್ನಿಗೆ ಒಬ್ಬ ಮನುಷ್ಯನ ಕೂಗು.

ಅವರು ಏದುಸಿರು ಬಿಡುತ್ತ ಮೇಲೆ ಬಂದು ನೋಡಿದರೆ, ಒಂದು ಖಾಲಿ ಬಂಡಿ ಹಳ್ಳ ದಾಟಿ ಊರ ದಾರಿ ಹಿಡಿದು ಓಡುತ್ತಿತ್ತು. ಮೋಟಾರಿನ ಒಂದು ದೀಪ ಪುಡಿಪುಡಿಯಾಗಿತ್ತು. ತಗ್ಗಿನ ಮುಳ್ಳುಕಂಟಿಯಲ್ಲಿ ಒಬ್ಬ ರೈತ ಅಂಗಾತ ಬಿದ್ದಿದ್ದ. ಅವನ ಹೆಸರು ಮಾಳಪ್ಪ; ಹಳ್ಳದ ಆಚೆಗಿನ ಹಳ್ಳಿಯವನು. ಬಂಡಿಯಲ್ಲಿ ಮಲಗಿ ನಿದ್ದೆ ಹೋಗಿದ್ದ. ಹೊಗೆಯಾಡುವ ಮೋಟಾರನ್ನು ಕಂಡು ಎತ್ತುಗಳು ಬೆದರಿ, ಬಂಡಿಯ ಮುಂದೆ ಚಾಚಿದ ಮೂಕಿ ದೀಪಕ್ಕೆ ಹಾಯ್ದು, ಅವನು ಹಾರಿ ಬಿದ್ದಿದ್ದ.

"ಸಾವಕಾರ್ರ, ನಿಮ್ಮ ಕಾಲ ಬೀಳತೇನ್ರಿ," ಎಂದ ಮಾಳಪ್ಪ, ಮಲಗಿದಲ್ಲಿಂದಲೇ. "ನಿದ್ದಿ ಹತ್ತಿತ್ರಿ. ದೀಪ ಒಡದದ್ದು ಯಾರಿಗೂ ಹೇಳಬ್ಯಾಡ್ರಿ. ಜೇಲಿಗೆ ಹಾಕತಾರ."

ಹುಷಾರಿದ್ದವನು ಇಲ್ಲಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದ. ಆದರೆ ನಿಜಗುಣಪ್ಪನವರ ತಲೆಯಲ್ಲಿದ್ದದ್ದು ಒಂದೇ: ಮೋಟಾರಿಗೆ ಅಪಘಾತವಾಯಿತು, ಅಪಘಾತವಾದರೆ ಹಪ್ತೆ ಏರುತ್ತದೆ. ತಮ್ಮ ಮೋಟಾರು ನಿಂತಿತ್ತು, ತಾವು ಹಳ್ಳದಲ್ಲಿದ್ದೆವು ಎಂಬುದು ಅವರಿಗೆ ದೊಡ್ಡ ಸಂಗತಿಯೆಂದು ತೋರಲೇ ಇಲ್ಲ.

"ನಾನ ನಿನಗ ಕೈ ಮುಗೀತೇನಿ, ಮಾಳಪ್ಪ," ಎಂದರು ಅವರು. "ನೀನೂ ಯಾರಿಗೂ ಹೇಳಬ್ಯಾಡ."

ಸಾವಕಾರರೇ ಕೈಮುಗಿದದ್ದನ್ನು ಕಂಡು ಮಾಳಪ್ಪನಿಗೆ ಇನ್ನೂ ಹೆದರಿಕೆಯಾಯಿತು. ಅವನ ಕಾಲು ಉಳುಕಿ ಬಾತುಕೊಂಡಿತ್ತು. ಹೀಗೆ ಕುಂಟುತ್ತ ಊರಿಗೆ ಹೋದರೆ ಹತ್ತು ಜನ ಕೇಳುತ್ತಾರೆ, ಇವನು ಹತ್ತು ಸಲ ಹೇಳುತ್ತಾನೆ. ನಿಜಗುಣಪ್ಪನವರು ಯೋಚಿಸಿದರು. ಯೋಚನೆ ಅವರಿಗೆ ಎಂದೂ ಒಳ್ಳೆಯದನ್ನು ಮಾಡಿರಲಿಲ್ಲ.

"ನಾಳೆ ಸಂಜೀತನ ನಮ್ಮನ್ಯಾಗ ಇರು. ಕಾಲಿಗೆ ಎಣ್ಣಿ ತಿಕ್ಕಸತೇನಿ. ಹೋಳಿಗಿ ಉಣ್ಣು."

"ಎತ್ತೋ?"

"ಅವು ದಾರಿ ಬಲ್ಲವು. ಮನಿ ಮುಟ್ಟತಾವ."

ಎತ್ತುಗಳು ದಾರಿ ಬಲ್ಲವಾಗಿದ್ದವು. ಮನೆಯನ್ನೂ ಮುಟ್ಟಿದವು. ಅದೇ ಮುಂದೆ ಕುತ್ತಾಯಿತು.

ಹೆಂಡತಿ ಸಾವಿತ್ರೆವ್ವನಿಗೆ ನಿಜಗುಣಪ್ಪನವರು ಎಲ್ಲವನ್ನೂ ಹೇಳಿದರು. ತಾಯಿಗೆ ಮಾತ್ರ, "ಇವರು ಸಾವಿತ್ರಿ ತವರಿನ ಕಡೆಯವರು, ರಾಮದುರ್ಗದವರು," ಎಂದರು. ಒಡೆದ ದೀಪದ ಮೇಲೆ ಕಂಬಳಿ ಹೊದಿಸಿದರು.

ಮರುದಿನ ಮುಂಜಾನೆ ಕೆಂಚವ್ವ ಪಡಸಾಲೆಯಲ್ಲಿ ಮಾಳಪ್ಪನ ಎದುರಿಗೆ ಬಂದು ಕುಳಿತರು. ಅವನು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ರಾಮದುರ್ಗದಾಗ ನಮ್ಮ ಶೆಟ್ಟೆವ್ವ ಹೆಂಗದಾಳಪ್ಪ?"

ಮಾಳಪ್ಪ ರಾಮದುರ್ಗವನ್ನು ಕಂಡವನಲ್ಲ. ಬಾಯಲ್ಲಿ ಹೋಳಿಗೆ ಇತ್ತು. ಚೆನ್ನಾಗಿದ್ದಾಳೆ ಎಂದರೆ ಏನು ಮಾಡುತ್ತಾಳೆ, ಮಕ್ಕಳೆಷ್ಟು ಎಂದು ಪ್ರಶ್ನೆಗಳು ಬೆಳೆಯುತ್ತವೆ. ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಬೇಕಾಗಿತ್ತು.

"ಹೋದಳ್ರಿ," ಎಂದ.

"ಎಲ್ಲಿಗೆ?"

ಮಾಳಪ್ಪ ಮೇಲೆ ನೋಡಿದ.

ಕೆಂಚವ್ವನ ಕೈಯಿಂದ ಎಲೆಯಡಿಕೆಯ ತಟ್ಟೆ ಬಿತ್ತು. ಶೆಟ್ಟೆವ್ವ ಅವರ ಬಾಲ್ಯದ ಗೆಳತಿ. "ಯವ್ವಾ ಶೆಟ್ಟೆವ್ವಾ, ನನ್ನ ಬಿಟ್ಟ ಹೋದೆಲ್ಲೇ!" ಎಂದು ಅವರು ಹಾಡಿ ಹಾಡಿ ಅಳಲು ಹತ್ತಿದರು. ನೆರೆಯ ಬಸವಣ್ಣೆಪ್ಪನವರು ಕಾಂಪೌಂಡ ಗೋಡೆಯ ಮೇಲಿಂದ ತಲೆ ಹಾಕಿದರು. ಸರಿಯಾಗಿ ಅದೇ ಹೊತ್ತಿಗೆ, ಕರಿ ಕೋಟು, ಕೊಡೆ, ಕಾಗದದ ಚೀಲ ಸಮೇತ ಸತ್ಯಪ್ಪನವರು ಅಂಗಳಕ್ಕೆ ಕಾಲಿಟ್ಟರು.

"ಯಾರು ಸತ್ತ್ರು?" ಎಂದರು ಸತ್ಯಪ್ಪನವರು.

"ಯಾರೂ ಇಲ್ರಿ!" ಎಂದರು ನಿಜಗುಣಪ್ಪನವರು.

ಒಳಗೆ ಅಳು ಮುಗಿಲು ಮುಟ್ಟಿತು.

"ಅಂದ್ರ... ನಮ್ಮ ಅವ್ವನ ಗೆಳತ್ಯಾರು. ರಾಮದುರ್ಗದಾಗ. ವಯಸ್ಸಾಗಿತ್ರಿ. ಮೋಟಾರಿಗೂ ಅವರಿಗೂ ಏನೂ ಸಂಬಂಧ ಇಲ್ರಿ."

ಸತ್ಯಪ್ಪನವರು ಮೋಟಾರಿನ ಹೆಸರನ್ನೇ ಎತ್ತಿರಲಿಲ್ಲ. ಅವರು ಮೆಲ್ಲಗೆ ಕೊಡೆ ಮಡಚಿದರು. ಕಂಬಳಿ ಹೊದ್ದು ನಿಂತ ಮೋಟಾರಿನತ್ತ ನೋಡಿದರು.

"ಇದಕ್ಕ ಯಾಕ ಕಂಬಳಿ?"

"ಬಿಸಲಿಗೆ ಬಣ್ಣ ಹೋಗತೈತ್ರಿ."

"ಮೋಟಾರ ನೆರಳಾಗ ನಿಂತೈತಿ."

"ನೆರಳಿಗೂ ಹೋಗತೈತ್ರಿ. ಹಳೇ ಬಣ್ಣ."

ಸಾವಿತ್ರೆವ್ವ ನಡುವೆ ಬಂದು, "ಬರ್ರಿ ಸಾಹೇಬ್ರ, ಮೊದಲ ಊಟ ಮಾಡ್ರಿ," ಎಂದು ಅವರನ್ನು ಗಂಡನ ಪಕ್ಕದ ಮಣೆಯ ಮೇಲೆ ಕೂಡಿಸಿದರು. ಮಾಳಪ್ಪನನ್ನು ಹಿಂದಿನ ಹತ್ತಿಯ ಕೋಣೆಗೆ ಸಾಗಿಸಿದ್ದಾಗಿತ್ತು. ಸತ್ಯಪ್ಪನವರು ನಿಧಾನವಾಗಿ ಉಣ್ಣುವವರು. ತುತ್ತಿಗೊಂದು ಪ್ರಶ್ನೆ.

"ಈ ವರ್ಷ ಏನರ ಅಪಘಾತ?"

"ಇಲ್ರಿ." ನಿಜಗುಣಪ್ಪನವರ ಹಣೆಯಿಂದ ಬೆವರಿನ ಹನಿಯೊಂದು ಅವರದೇ ಸಾರಿಗೆ ಬಿತ್ತು.

"ಪೊಲೀಸ ದಂಡ?"

"ಪೊಲೀಸರ ಮಾರೀನ ನೋಡಿಲ್ರಿ."

"ಹಂಗಿದ್ರ ಹಪ್ತೆ ಇಳಿಸಬಹುದು," ಎಂದರು ಸತ್ಯಪ್ಪನವರು. ಬಾಗಿಲಲ್ಲಿದ್ದ ಕೆಂಚವ್ವ ಅಳುವುದನ್ನು ಅರೆಗಳಿಗೆ ನಿಲ್ಲಿಸಿ ಮಗನ ಮುಖ ನೋಡಿದರು. ಹುಟ್ಟಿದಂದಿನಿಂದ ಅವರು ಮಗನನ್ನು ಹಾಗೆ ಮೆಚ್ಚಿ ನೋಡಿರಲಿಲ್ಲ. ನಿಜಗುಣಪ್ಪನವರು ತಾಯಿಯ ಕಣ್ಣು ತಪ್ಪಿಸಿ ರೊಟ್ಟಿ ಮುರಿದರು.

ಸತ್ಯಪ್ಪನವರು ಕೈ ತೊಳೆದರು. ಕಾಗದ ತೆಗೆದರು. ಟಾಕು ಮಸಿಯಲ್ಲಿ ಅದ್ದಿದರು. ಇನ್ನೇನು ಬರೆಯಬೇಕು; ಬೀದಿಯಲ್ಲಿ ಗದ್ದಲ ಕೇಳಿಸಿತು.

ಮುಂದೆ ಒಬ್ಬ ಹೆಂಗಸು, ತಲೆ ಬಿಚ್ಚಿಕೊಂಡು, ಕೈಯಲ್ಲಿ ತಲೆಗೆ ಸುತ್ತುವ ಪಟಗವೊಂದನ್ನು ಹಿಡಿದು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು. ಅವಳ ಹಿಂದೆ ಪೊಲೀಸ ಫೌಜದಾರ ಹಣಮಂತಪ್ಪನವರು ತಮ್ಮ ಹೊಸ ಸೈಕಲ್ಲನ್ನು ತಳ್ಳುತ್ತ ಬರುತ್ತಿದ್ದರು. ಅವರ ಹಿಂದೆ ಅರ್ಧ ಊರು.

ಆಕೆ ಮಾಳಪ್ಪನ ಹೆಂಡತಿ ರಾಯವ್ವ. ನಿನ್ನೆ ಸಂಜೆ ಬಂಡಿ ಗಂಡನಿಲ್ಲದೆ ಮನೆಗೆ ಬಂದಿತ್ತು. ಮೂಕಿಯ ತುದಿ ಮುರಿದಿತ್ತು, ಅದರಲ್ಲಿ ಗಾಜಿನ ಚೂರು ನೆಟ್ಟಿದ್ದವು, ಗೂಟಕ್ಕೆ ಅವನ ಪಟಗ ನೇತಾಡುತ್ತಿತ್ತು. ಆ ಸೀಮೆಯಲ್ಲಿ ಗಾಜಿನ ದೀಪವಿದ್ದ ಮೋಟಾರು ಒಂದೇ. ರಾಯವ್ವ ನೇರ ಫೌಜದಾರರ ಕಡೆ ಹೋಗಿದ್ದಳು.

"ನನ್ನ ಗಂಡನ್ನ ಹಾಯಿಸಿ ಕೊಂದು ಎಲ್ಲಿ ಹುಗದೀರಿ, ಸಾವಕಾರ್ರ? ಹೆಣಾನರ ಕೊಡ್ರಿ!"

ಫೌಜದಾರರು ನೇರ ಹೋಗಿ ಕಂಬಳಿ ಎಳೆದರು. ಒಡೆದ ದೀಪ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿತು. ಗುಂಪು 'ಹಾ' ಎಂದಿತು. ಸತ್ಯಪ್ಪನವರ ಟಾಕಿನಿಂದ ಮಸಿ ತೊಟ್ಟಿಕ್ಕಿತು.

"ನಿಜಗುಣಪ್ಪನವರ, ಆ ಮನಶ್ಯಾ ಎಲ್ಲಿ?" ಎಂದರು ಫೌಜದಾರರು.

ಈಗ ನೋಡಿರಿ ಇಕ್ಕಟ್ಟು. ಮಾಳಪ್ಪನನ್ನು ಹೊರಗೆ ತಂದರೆ ಕೊಲೆಯ ಮಾತು ಅಳಿಯುತ್ತದೆ, ಹಪ್ತೆ ಏರುತ್ತದೆ. ತರದಿದ್ದರೆ ಹಪ್ತೆ ಇಳಿಯುತ್ತದೆ, ತಾವು ಜೇಲಿಗೆ ಹೋಗಬೇಕಾಗುತ್ತದೆ. ಬೇರೆ ಯಾರಿಗಾದರೂ ಇದು ಒಂದು ಕ್ಷಣದ ಯೋಚನೆ. ನಿಜಗುಣಪ್ಪನವರು ಅತ್ತ ಸತ್ಯಪ್ಪನವರನ್ನು ನೋಡಿದರು, ಇತ್ತ ತಾಯಿಯನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು.

"ಉತ್ತರಾನ ಇಲ್ಲ," ಎಂದರು ಬಸವಣ್ಣೆಪ್ಪನವರು ಗೋಡೆಯ ಮೇಲಿಂದ. "ನಮ್ಮ ಎಮ್ಮಿ ಆ ದಿನಾನ ಸಾಯಬೇಕಾಗಿತ್ತು. ದೇವರ ಉಳಿಸಿದ."

ರಾಯವ್ವ ಆ ಮೌನವನ್ನೇ ಉತ್ತರವೆಂದು ತಿಳಿದಳು. ಅವಳ ಅಳು ನಿಂತುಹೋಯಿತು. ಅವಳು ಅಂಗಳದ ಕಲ್ಲಿನ ಮುಂದೆ ಕುಕ್ಕರಿಸಿ ಕುಳಿತು, ಹಸಿರು ಬಳೆಯ ಎರಡೂ ಕೈಗಳನ್ನು ಮೇಲೆತ್ತಿದಳು. ಹಿಂದೆ ನಿಂತ ಹೆಂಗಸರು ಮುಖಕ್ಕೆ ಸೆರಗು ಹಿಡಿದರು.

ನಿಜಗುಣಪ್ಪನವರು ಅದನ್ನು ನೋಡಲಾರದೆ ಹೋದರು.

"ಒಡೀಬ್ಯಾಡ ತಂಗೀ!" ಎಂದು ಕೂಗಿ ಅವಳ ಕೈಗೂ ಕಲ್ಲಿಗೂ ನಡುವೆ ತಮ್ಮ ರುಮಾಲನ್ನು ಒಡ್ಡಿದರು. "ನಿನ್ನ ಗಂಡ ಜೀವಂತ ಅದಾನ! ನಮ್ಮನ್ಯಾಗ ಅದಾನ! ಹೋಳಿಗಿ ಉಂಡಾನ! ಹಪ್ತೆ ಏರಲಿ, ಮೋಟಾರ ಹೋಗಲಿ, ನೀ ಬಳಿ ಒಡೀಬ್ಯಾಡ!"

ಅವರು ಓಡಿಹೋಗಿ ಹತ್ತಿಯ ಕೋಣೆಯ ಬಾಗಿಲು ತೆರೆದರು. ಎಲ್ಲರೂ ಒಳಗೆ ಇಣುಕಿದರು. ಮಾಳಪ್ಪ ಇರಲಿಲ್ಲ.

ಫೌಜದಾರರು ಬೇಡಿಗಾಗಿ ಸೊಂಟ ತಡವಿಕೊಂಡರು. ರಾಯವ್ವನ ಕೈ ಮತ್ತೆ ಮೇಲೆ ಹೋಯಿತು. ನಿಜಗುಣಪ್ಪನವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಸಾಹೇಬ್ರ," ಎಂದರು ಸತ್ಯಪ್ಪನವರು ಮೆಲುದನಿಯಲ್ಲಿ. "ಆ ಹತ್ತಿ ರಾಶಿಯೊಳಗ ಒಂದು ಕಾಲ ಐತಿ."

ಇತ್ತು. ಬಾತ ಕಾಲು. ಸ್ವಲ್ಪವೂ ಅಲುಗಾಡುತ್ತಿರಲಿಲ್ಲ. ಗುಂಪಿನಲ್ಲಿ ಒಬ್ಬರು, "ಹತ್ಯಾಗ ಹುಗದಾರ!" ಎಂದು ಉಸುರಿದರು. ಫೌಜದಾರರು ಉಸಿರು ಬಿಗಿಹಿಡಿದು ಮುಂದೆ ಹೋಗಿ ಆ ಕಾಲನ್ನು ಹಿಡಿದು ಎಳೆದರು.

"ಯಪ್ಪಾ, ಉಳುಕಿದ ಕಾಲರಿ!" ಎಂದು ಚೀರುತ್ತ, ತಲೆಯಿಂದ ಪಾದದವರೆಗೆ ಬಿಳಿ ಹತ್ತಿ ಮೆತ್ತಿಕೊಂಡ ಮಾಳಪ್ಪ ಹೊರಬಂದು ಫೌಜದಾರರ ಬೂಟಿನ ಮೇಲೆ ಬಿದ್ದ. "ದೀಪ ನಾನ ಒಡದೇನ್ರಿ! ಜೇಲಿಗೆ ಹಾಕಬ್ಯಾಡ್ರಿ!"

ರಾಯವ್ವ ಒಂದು ಗಳಿಗೆ ದೆವ್ವ ನೋಡಿದಂತೆ ನೋಡಿದಳು. ಆಮೇಲೆ ಬಳೆಗಳು ಒಡೆಯದಂತೆ ಹಿಂದಕ್ಕೆ ಸರಿಸಿಕೊಂಡು, ಗಂಡನ ಬೆನ್ನಿಗೆ ಎರಡೂ ಕೈಯಿಂದ ಬಾರಿಸಿದಳು. "ನಾ ರಾತ್ರಿಯೆಲ್ಲಾ ಹಳ್ಳದಾಗ ನಿನ್ನ ಹೆಣಾ ಹುಡಕೇನಿ! ನೀ ಇಲ್ಲಿ ಕುಂತು ಹೋಳಿಗಿ ತಿಂದಿ! ನನಗೊಂದು ಕಳಿಸಿದೇನು?"

ಕೆಂಚವ್ವ ಮುಂದೆ ಬಂದರು. "ಅಂದ್ರ ಇಂವ ರಾಮದುರ್ಗದಾಂವ ಅಲ್ಲ?"

"ಅಲ್ರಿ ಆಯಿ."

"ಹಂಗಾರ ಶೆಟ್ಟೆವ್ವ?"

"ಅದಾಳ್ರಿ," ಎಂದ ಮಾಳಪ್ಪ. ಬಳಿಕ ಪ್ರಾಮಾಣಿಕತೆಯಿಂದ, "ಇರಬಹುದ್ರಿ," ಎಂದು ಸೇರಿಸಿದ.

ಸತ್ಯಪ್ಪನವರು ಟಾಕು ಒರೆಸಿಕೊಂಡು ಕೆಮ್ಮಿದರು. ಎಲ್ಲರೂ ಅವರತ್ತ ತಿರುಗಿದರು.

"ನಿಜಗುಣಪ್ಪನವರ, ಮೋಟಾರ ಓಡಾಕತ್ತಿತ್ತೋ ನಿಂತಿತ್ತೋ?"

"ನಿಂತಿತ್ರಿ."

"ನೀವೆಲ್ಲಿದ್ರಿ?"

"ಹಳ್ಳದಾಗ. ನೀರ ತುಂಬಾಕತ್ತಿದ್ನಿ."

"ಗಾಲಿಗೆ ಕಲ್ಲ ಕೊಟ್ಟಿದ್ರೇನು?"

"ಕೊಟ್ಟಿದ್ನಿರಿ. ಈಟ ದೊಡ್ಡದು."

ಸತ್ಯಪ್ಪನವರು ಟಾಕು ಕೆಳಗಿಟ್ಟರು. "ನಿಂತ ಮೋಟಾರಿಗೆ ಬಂಡಿ ಬಂದ ಹಾಯ್ದ್ರ ತಪ್ಪು ಬಂಡೀದು. ನಿಮ್ಮ ಹಪ್ತೆ ಯಾಕ ಏರತೈತಿ? ಅದೂ ಅಲ್ಲದ ಮುಚ್ಚಿಟ್ಟದ್ದು ನನಗ ಆಮ್ಯಾಲ ಗೊತ್ತಾಗಿದ್ರ ವಿಮೇನ ರದ್ದಾಗತಿತ್ತು. ಕಾಗದಾ ಬರಿಯೂದರಾಗ ಬಾಯಿ ಬಿಟ್ರಿ, ಉಳಕೊಂಡ್ರಿ. ಜಾಗಾ ಒಮ್ಮೆ ನೋಡತೇನಿ. ಹೇಳಿದ್ದು ಖರೇ ಇದ್ರ ಹಪ್ತೆ ಇಳಿಸತೇನಿ."

ನಿಜಗುಣಪ್ಪನವರು ಹೊಸ್ತಿಲಿನಿಂದ ಎದ್ದರು. ಲೋಕ ಮತ್ತೆ ನೆಟ್ಟಗಾಯಿತು.

ಆದರೆ ಕೆಂಚವ್ವನಿಗೆ ಮಗನ ಮಾತಿನ ಮೇಲಿದ್ದ ನಂಬಿಕೆ ಶೆಟ್ಟೆವ್ವನ ಜೊತೆ ಸತ್ತಿತ್ತು. ಶೆಟ್ಟೆವ್ವ ಬದುಕಿದರೂ ಅದು ಬದುಕಲಿಲ್ಲ. "ಆ ಜಾಗಾ ನಾನೂ ನೋಡತೇನಿ," ಎಂದು ಸೆರಗು ಬಿಗಿದು, ಎಲ್ಲರೂ ನೋಡುತ್ತಿದ್ದಂತೆ, ಜೀವಮಾನದಲ್ಲಿ ಮೊದಲ ಸಲ ಮೋಟಾರು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ಸತ್ಯಪ್ಪನವರು, ಫೌಜದಾರರು. ಅವರ ಕಾಲ ಬಳಿ ಮಾಳಪ್ಪ, ರಾಯವ್ವ. ಸೈಕಲ್ಲನ್ನು ಫೌಜದಾರರು ಯಾರ ವಶಕ್ಕೂ ಬಿಡುವವರಲ್ಲ. ಅದನ್ನು ಮೋಟಾರಿನ ಹಿಂದೆ ಕಟ್ಟಿಸಿದರು.

ಇಳಿಜಾರು ಬಂತು. ನಿಜಗುಣಪ್ಪನವರು ಅದೇ ಜಾಗದಲ್ಲಿ ಮೋಟಾರು ನಿಲ್ಲಿಸಿ, ಅದೇ ಗಾಲಿಗೆ ಅದೇ ಕಲ್ಲು ಕೊಟ್ಟರು. ಫೌಜದಾರರು ಸೈಕಲ್ಲನ್ನು ಬಿಚ್ಚಿಸಿ, ಬಿಸಿಲು ಬಡಿಯದಂತೆ ಕೆಳಗೆ ಬೇವಿನ ಗಿಡಕ್ಕೆ ಒರಗಿಸಿ ಬಂದರು. ಎಲ್ಲರೂ ಇಳಿದರು. ಕೆಂಚವ್ವ ಇಳಿಯಲಿಲ್ಲ. ಗಾದಿ ಮೆತ್ತಗಿತ್ತು.

ಸತ್ಯಪ್ಪನವರು ದೀಪದ ಚೂರುಗಳನ್ನು ನೋಡಿದರು, ಬಂಡಿಯ ಜಾಡು ನೋಡಿದರು. "ಎಲ್ಲಾ ಬರೋಬ್ಬರಿ ಐತಿ," ಎಂದರು. "ಇನ್ನ ಆ ಕಲ್ಲ ಒಂದು."

"ಯಾವ ಕಲ್ಲು?" ಎಂದರು ಫೌಜದಾರರು.

ಮಾಳಪ್ಪನಿಗೆ ಸರಕಾರಕ್ಕೆ ಉಪಕಾರ ಮಾಡುವ ಅವಕಾಶ ಸಿಕ್ಕಿತು. ಅವನು ಕುಂಟುತ್ತ ಹೋಗಿ, ಗಾಲಿಯ ಕೆಳಗಿಂದ ಅದನ್ನು ಹಿರಿದು, ಎರಡೂ ಕೈಯಿಂದ ಎತ್ತಿ ತೋರಿಸಿದ.

"ಇದ ಕಲ್ಲರಿ ಸಾಹೇಬ್ರ!"

ಮೋಟಾರು ಮೆಲ್ಲಗೆ ನಡೆಯಿತು. ಆಮೇಲೆ ಮೆಲ್ಲಗಲ್ಲ.

"ಯವ್ವಾ! ಜಿಗೀ!" ಎಂದು ನಿಜಗುಣಪ್ಪನವರು ಹಿಂದೆ ಓಡಿದರು. ಓಡುತ್ತ ಕಾಲಿನ ಜೋಡು ಕಳೆದುಕೊಂಡರು, ಆಮೇಲೆ ರುಮಾಲು. ಅವರ ಕೈ ಒಮ್ಮೆ ಹಿಂದಿನ ಕಂಬಿಗೆ ತಾಗಿತು, ಜಾರಿತು. ಕೆಳಗೆ ಹಳ್ಳವಿತ್ತು, ಹಳ್ಳದಲ್ಲಿ ಬಂಡೆಗಳಿದ್ದವು. ಅವರ ಕಣ್ಣಿಗೆ ಕತ್ತಲೆ ಬಂತು. ಹಪ್ತೆ, ಮೋಟಾರು, ಕಂಪನಿ ಯಾವುದೂ ಅವರ ನೆನಪಿನಲ್ಲಿರಲಿಲ್ಲ. "ಯವ್ವಾ, ಯವ್ವಾ" ಎಂಬುದೊಂದೇ ಬಾಯಲ್ಲಿತ್ತು.

ಕೆಂಚವ್ವ ಜಿಗಿಯಲಿಲ್ಲ. ಮಗ ಹಿಡಿಯುತ್ತಿದ್ದ ಪಕ್ಕದ ಚಕ್ರವನ್ನು ಎರಡೂ ಕೈಯಿಂದ ಹಿಡಿದು, ಮೊಂಡು ಎತ್ತನ್ನು ಎಳೆಯುವಂತೆ ತಮ್ಮ ಕಡೆಗೆ ಎಳೆದರು. ಮೋಟಾರು ಹಳ್ಳ ಬಿಟ್ಟು ಬೇವಿನ ಗಿಡದ ಕಡೆ ತಿರುಗಿತು, ಸೈಕಲ್ಲಿನ ಮೇಲೆ ಹಾಯಿತು, ಬೇಲಿ ದಾಟಿತು, ಜೋಳದ ಕಣಿಕೆಯ ಬಣವೆಯೊಳಗೆ ಮೂಗು ತೂರಿಸಿ ನಿಂತಿತು.

ಎಲ್ಲರೂ ಬಂದು ಮುಟ್ಟಿದಾಗ ಕೆಂಚವ್ವ ಸೀಟಿನಲ್ಲೇ ಕುಳಿತು ತಲೆಯ ಮೇಲಿನ ಒಣ ಎಲೆಯ ರವದಿಯನ್ನು ಕೊಡವಿಕೊಳ್ಳುತ್ತಿದ್ದರು. ಒಂದು ಗಾಯವಿಲ್ಲ. ನಿಜಗುಣಪ್ಪನವರು ತಾಯಿಯ ಕಾಲು ಹಿಡಿದು ಗೊಳೋ ಎಂದು ಅತ್ತರು. ಫೌಜದಾರರು ಹಪ್ಪಳವಾದ ಸೈಕಲ್ಲನ್ನು ಎತ್ತಿ ಹಿಡಿದಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಲೈಸನ್ಸ ಇಲ್ಲದ ಮೋಟಾರ ನಡಿಸಿದ್ದಕ್ಕ ದಂಡ," ಎಂದರು ಫೌಜದಾರರು.

"ಅಪಘಾತ ಒಂದು, ದಂಡ ಒಂದು," ಎಂದರು ಸತ್ಯಪ್ಪನವರು, ಬಣವೆಗೆ ಒರಗಿ ಕಾಗದ ಬಿಚ್ಚುತ್ತ. "ಎರಡೂ ಕೂಡೇ ಬಂದದ್ದನ್ನ ನಾನು ಇದ ಮೊದಲ ನೋಡಿದ್ದು. ಮೋಟಾರ ಯಾರು ನಡಸಾಕತ್ತಿದ್ರು ಅಂತ ಬರೀಲಿ?"

"ನಾನ ರೀ," ಎಂದರು ನಿಜಗುಣಪ್ಪನವರು ಕಣ್ಣೊರೆಸಿಕೊಳ್ಳುತ್ತ. "ನನ್ನ ಹೆಸರ ಬರೀರಿ."

"ನೀ ಎಲ್ಲಿ ನಡಿಸಿದ್ಯೋ?" ಎಂದರು ಕೆಂಚವ್ವ. "ನೀ ಹಿಂದ ಹೊಯ್ಕೊಂತ ಓಡಾಕತ್ತಿದ್ದಿ. ಹಳ್ಳಕ್ಕ ಹೊಂಟದ್ದನ್ನ ಹೊಲಕ್ಕ ತಿರಿವಿದಾಕಿ ನಾನು. ಸಾಹೇಬ್ರ, ಕೆಂಚವ್ವ ಅಂತ ದೊಡ್ಡ ಅಕ್ಷರದಾಗ ಬರಕೋರಿ."

"ಆಯಿ," ಎಂದರು ಸತ್ಯಪ್ಪನವರು, "ಬರಿಯಾಕ ಅಡ್ಡಿಯಿಲ್ಲ. ಆದ್ರ ಹಪ್ತೆ ಏರತೈತ್ರಿ."

ಕೆಂಚವ್ವ ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡರು. ತಾವು ಇಳಿದು ಬಂದ ದಾರಿಯನ್ನು ತುದಿಯವರೆಗೂ ಒಮ್ಮೆ ನೋಡಿದರು. ಅವರ ಮುಖದಲ್ಲಿ, ಮಗ ಎಂದೂ ಕಾಣದ ಒಂದು ಕಳೆ ಇತ್ತು.

"ಹಪ್ತೆ ಏರೂದ ಏರಲಿ," ಎಂದರು. "ಮೊದಲ ಎಲ್ಲಾರೂ ಕೈ ಹಚ್ಚಿ ಈ ಮೋಟಾರನ್ನ ದಿಬ್ಬದ ಮ್ಯಾಲ ಏರಸ್ರಿ. ನಾ ಇಳಿಯೂದಿಲ್ಲ."

ಫೌಜದಾರರು ಸೈಕಲ್ಲನ್ನು ಕೆಳಗಿಟ್ಟರು. ಸತ್ಯಪ್ಪನವರು ಕೋಟು ಬಿಚ್ಚಿದರು. ರಾಯವ್ವ ಸೆರಗು ಸಿಕ್ಕಿಸಿದಳು, ಮಾಳಪ್ಪ ಕುಂಟುತ್ತ ಹೆಗಲು ಕೊಟ್ಟ. ನಿಜಗುಣಪ್ಪನವರು ಬರಿಗಾಲಲ್ಲಿ, ಬರಿದಲೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ದೂಡಿದರು. ಮೋಟಾರು ಬಣವೆಯಿಂದ ಹೊರಬಂದು ಗೇಣುಗೇಣಾಗಿ ದಿಬ್ಬ ಏರಲು ಹತ್ತಿತು. ಅವರು ದಣಿದು ನಿಂತಾಗಲೆಲ್ಲ ಕೆಂಚವ್ವ ಮುಂದಿನ ಸೀಟಿನಿಂದ ಹಾರ್ನು ಬಾರಿಸುತ್ತಿದ್ದರು.